ರಾಗಿ ಹೆಚ್ಚೈತೆ

ಗುಬ್ಬಿ ಕ್ಲಿನಿಕ್ಕಿನ ಜಗಲಿಯ ಮೇಲೆ ಕೂತಿದ್ದ ತಾತನೊಬ್ಬರನ್ನು ನಮ್ಮ ನರ್ಸ್ ಟ್ಯಾಬ್ ನೋಡಿಕೊಂಡು ಕೇಳಿದಳು. "ಕಳೆದ ಕೆಲವು ತಿಂಗಳಲ್ಲಿ ನಿಮ್ಮ ಕುಟುಂಬಕ್ಕೆ ಆಹಾರ ಭದ್ರತೆ ಇತ್ತೇ?"

ತಾತ ಸ್ವಲ್ಪ ಹೊತ್ತು ಯೋಚಿಸಿದರು. "ಭದ್ರವಾಗೇ ಇಡ್ತೀವಿ ಕಣವ್ವ. ಮೊದ್ಲು ಇಲಿ ಕಾಟ ಇತ್ತು. ಈಗ ಡ್ರಮ್ಮಿಗೆ ಹಾಕಿ ಮೇಲೆ ಕಲ್ಲು ಹೇರಿದೀವಿ."

"ವಸತಿ ಭದ್ರತೆ?"

"ನಾಯಿ ಐತೆ."

ನರ್ಸ್ ನನ್ನ ಕಡೆ ನೋಡಿದಳು. ನಾನು ತೆಂಗಿನ ಮರದ ಕಡೆ ನೋಡಿದೆ. ಆ ಪ್ರಶ್ನೆಗಳನ್ನು ಬರೆದವರಲ್ಲಿ ನಾನೂ ಒಬ್ಬಳು. ಇಂಗ್ಲಿಷಿನಲ್ಲಿ ಬಂದದ್ದನ್ನು ತುಮಕೂರಿನ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು ಕನ್ನಡ ಮಾಡಿ, ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡು ಕಾಫಿ ಕುಡಿದಿದ್ದೆವು. ಗುಬ್ಬಿಯ ಬಿಸಿಲು ಎಲೆಗಳ ನಡುವಿನಿಂದ ಜಾರಿ ಟ್ಯಾಬಿನ ಮೇಲೆ ಬಿದ್ದು, ನಮ್ಮ ಕನ್ನಡ ಓದುವುದಕ್ಕೇ ಆಗುತ್ತಿರಲಿಲ್ಲ. ಓದಲಾಗದಿದ್ದುದೇ ಒಳ್ಳೆಯದಾಯಿತು.

ನಮ್ಮದು ಒಂದು ಟ್ರಸ್ಟ್ ನಡೆಸುವ ಸಣ್ಣ ಕ್ಲಿನಿಕ್ಕುಗಳು. ದೊಡ್ಡದು ತುಮಕೂರಿನಲ್ಲಿದೆ. ಗುಬ್ಬಿಗೂ ಕುಣಿಗಲ್ಲಿಗೂ ವಾರಕ್ಕೊಂದು ದಿನ ಡಾಕ್ಟರು, ನರ್ಸ್, ಔಷಧಿ ಪೆಟ್ಟಿಗೆ ಎಲ್ಲ ಒಂದೇ ಜೀಪಿನಲ್ಲಿ ಹೋಗುತ್ತವೆ. ಸಕ್ಕರೆ ಕಾಯಿಲೆಯವರು, ಬಿ.ಪಿ.ಯವರು ಬರುತ್ತಾರೆ. ಮನೆಯ ಪರಿಸ್ಥಿತಿ ತಿಳಿಯದೆ ಬರೀ ಮಾತ್ರೆ ಕೊಟ್ಟರೆ ನಾಟುವುದಿಲ್ಲ ಎಂದು ನಮ್ಮ ಡಾಕ್ಟರೇ ಹಠ ಹಿಡಿದು ಈ ಪ್ರಶ್ನೆಗಳನ್ನು ಶುರು ಮಾಡಿಸಿದ್ದರು. ರೋಗಿ ಒಳಗೆ ಬರುವ ಮೊದಲೇ ಊಟ, ಮನೆ, ಬಸ್ಸಿನ ಅನುಕೂಲ ಇವೆಲ್ಲ ಅವರ ಪರದೆಯ ಮೇಲೆ ಕಾಣಬೇಕು. ಊಟಕ್ಕೆ ತೊಂದರೆ ಇರುವವರಿಗೆ ದವಸ ಕೊಡುತ್ತೇವೆಂದು ಒಂದು ಮಠದವರು ಒಪ್ಪಿಕೊಂಡಿದ್ದರು. ಯಾರಿಗೆ ಬೇಕು ಅಂತ ಹೇಳುವುದಷ್ಟೇ ನಮ್ಮ ಕೆಲಸ. ಪ್ರಶ್ನೆ ಬರೆಯುವುದು, ಉತ್ತರ ಸರಿಯಾಗಿ ಬರುತ್ತಿದೆಯೇ ನೋಡುವುದು ನನ್ನ ಪಾಲಿನದು. ನಮ್ಮಮ್ಮ ಇದಕ್ಕೆ "ಕಂಡೋರ ಮನೆ ಸುದ್ದಿ ಕೇಳೋ ಕೆಲ್ಸ" ಅನ್ನುತ್ತಿದ್ದಳು.

ಇನ್ನೊಂದು ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ. ವಾಹನ ಹತ್ತಿದರೆ ನನಗೆ ನಿದ್ದೆ ಬರುತ್ತದೆ. ಪೂರ್ತಿ ನಿದ್ದೆಯಲ್ಲ, ಕಿವಿ ತೆರೆದಿರುವ ನಿದ್ದೆ. ಪಕ್ಕದವರ ಮಾತು, ಕಂಡಕ್ಟರನ ಸೀಟಿ, ಕಿಟಕಿಯ ಆಚೆಗಿನ ತೋಟಗಳು ಎಲ್ಲ ಒಂದರೊಳಗೊಂದು ಕರಗಿ ಹರಿಯುತ್ತಿರುತ್ತವೆ. ಜೀಪಿನಲ್ಲಿ ಡಾಕ್ಟರು ನನ್ನನ್ನು ಕುಂಭಕರ್ಣನ ತಂಗಿ ಎಂದು ಆಡಿಕೊಳ್ಳುತ್ತಿದ್ದರು. ಹಾಗಾದರೆ ನಾನು ಶೂರ್ಪನಖಿ ಆದೆನಲ್ಲ ಅಂತ ನಾನು ಮೂಗು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಪ್ರಶ್ನೆಗಳಿಂದ ಭದ್ರತೆಯನ್ನೆಲ್ಲ ತೆಗೆದುಹಾಕಿದೆವು. ಈ ಸಲ ಸುಲಭವಾಗಿ, ಮನೆಮಾತಿನಲ್ಲಿ ಕೇಳೋಣ ಎಂದು ಕೂತೆವು. "ಮನೆಯಲ್ಲಿ ಅಕ್ಕಿ ಎಷ್ಟಿದೆ? ರಾಗಿ ಎಷ್ಟಿದೆ?" ಕೆಳಗೆ ನಾಲ್ಕು ಉತ್ತರ: ಹೆಚ್ಚಿದೆ, ಸಾಕಷ್ಟಿದೆ, ಕಡಿಮೆ ಇದೆ, ಇಲ್ಲ. ನರ್ಸ್ ಬೆರಳಿಟ್ಟರೆ ಆಯಿತು. ಮಗುವಿಗೂ ಅರ್ಥವಾಗುವ ಪ್ರಶ್ನೆ ಅಂದುಕೊಂಡೆ.

ಉತ್ತರಗಳು ಹೊಳೆಯ ಹಾಗೆ ಬಂದವು. ಗುಬ್ಬಿಯಲ್ಲೂ ಕುಣಿಗಲ್ಲಿನಲ್ಲೂ "ಇಲ್ಲ" ಅನ್ನುವವರೇ ಇಲ್ಲ. "ಕಡಿಮೆ" ಅಲ್ಲೊಂದು ಇಲ್ಲೊಂದು. "ಸಾಕಷ್ಟಿದೆ" ಬೇಕಾದಷ್ಟು. "ಹೆಚ್ಚಿದೆ" ಎಂದವರೂ ಕಮ್ಮಿಯೇನಿರಲಿಲ್ಲ. ನಮ್ಮ ಟ್ರಸ್ಟಿನ ಮುಖ್ಯಸ್ಥರಿಗೆ ಸಂತೋಷವೋ ಸಂತೋಷ. "ನೋಡಿ ಮೇಡಂ, ನಾವು ಸುಮ್ನೆ ಚಿಂತೆ ಮಾಡ್ತಿದ್ವಿ. ಜನ ಚೆನ್ನಾಗೇ ಇದಾರೆ. ಮಠದವರಿಗೆ ಹೇಳ್ಬಿಡೋಣ, ದವಸ ಬೇರೆ ಕಡೆ ಕೊಡ್ಲಿ."

ನನಗೆ ಏನೋ ಸರಿ ಕಾಣಲಿಲ್ಲ. ಆದರೆ ಏನು ಅಂತ ಹೇಳಲು ಬರಲಿಲ್ಲ. ಕನಸಿನಲ್ಲಿ ಗೊತ್ತಿರುವ ಮನೆಗೇ ಹೋಗಿ, ಅಲ್ಲಿ ಬಾಗಿಲು ಬೇರೆ ದಿಕ್ಕಿಗಿದ್ದರೆ ಆಗುತ್ತದಲ್ಲ, ಹಾಗೆ. ತಿಂಗಳ ಕೊನೆಯವರೆಗೆ ತಡೆಯಿರಿ ಅಂದೆ. ಅವರು ಮನಸ್ಸಿಲ್ಲದ ಮನಸ್ಸಿನಿಂದ ತಲೆಯಾಡಿಸಿದರು.

ಆ ತಿಂಗಳ ಇಪ್ಪತ್ತು ದಾಟಿದ ಮೇಲೆ ಒಂದು ದಿನ ಕುಣಿಗಲ್ಲಿಗೆ ಹೋದೆ. ಬೆಳಿಗ್ಗೆ ದೊಡ್ಡ ಕೆರೆಯ ಮೇಲೆ ಮಂಜು ಕೂತಿತ್ತು. ಏರಿಯ ಮೇಲೆ ಹೋಗುವವರು ಅರ್ಧಕ್ಕೇ ಕಾಣುತ್ತಿದ್ದರು, ಸೊಂಟದ ಮೇಲೆ ಮಾತ್ರ. ಕ್ಲಿನಿಕ್ಕು ಸೇರಿ ಗೋಡೆ ಪಕ್ಕದ ಬೆಂಚಿನ ಮೇಲೆ ಕೂತೆ. ಜೀಪಿನ ನಿದ್ದೆ ಇನ್ನೂ ಇಳಿದಿರಲಿಲ್ಲ. ಕಣ್ಣು ಮುಚ್ಚಿದೆ. ನರ್ಸ್ ಪ್ರಶ್ನೆ ಕೇಳುವ ಮೇಜು ಅಲ್ಲೇ ಪಕ್ಕದಲ್ಲಿತ್ತು.

ಊದುಬತ್ತಿಯ ವಾಸನೆ ಬಂತು. ಮೊದಲು ಅದನ್ನೂ ನಿದ್ದೆಯದೇ ಅಂದುಕೊಂಡೆ. ಆಮೇಲೆ ನರ್ಸಿನ ದನಿ ಕೇಳಿತು. "ಬೆರಳು ಕೊಡಿ ಅಕ್ಕಾ. ಅಯ್ಯೋ, ಎಷ್ಟು ಒರೆಸಿದ್ರೂ ಕಪ್ಪು ಹೋಗಲ್ವಲ್ಲ." ಆ ಹೆಂಗಸು ಅಮೃತೂರಿನವಳು, ಮನೆಯಲ್ಲಿ ಊದುಬತ್ತಿ ಹೊಸೆಯುವವಳು. ಅವಳ ವಿಷಯ ನನಗೆ ಗೊತ್ತಿತ್ತು. ಡಾಕ್ಟರಿಗೆ ತಲೆನೋವಾಗಿದ್ದ ಕೇಸು. ಸಕ್ಕರೆ ಒಂದು ಸಲ ನೋಡಿದರೆ ಆಕಾಶದಲ್ಲಿ, ಇನ್ನೊಂದು ಸಲ ಪಾತಾಳದಲ್ಲಿ. ಮಾತ್ರೆ ಹೆಚ್ಚಿಸಿದರೂ ಹಿಡಿತಕ್ಕೆ ಬಂದಿರಲಿಲ್ಲ. ಇವತ್ತಿನಿಂದ ರಾತ್ರಿ ಹೊತ್ತು ಇನ್ಸುಲಿನ್ ಶುರು ಮಾಡುತ್ತೇನೆ ಎಂದು ಜೀಪಿನಲ್ಲೇ ಹೇಳಿದ್ದರು.

"ಮನೇಲಿ ಅಕ್ಕಿ ಎಷ್ಟಿದೆ ಅಕ್ಕಾ?"

"ಅಕ್ಕಿ ಹೆಚ್ಚೈತೆ ಕಣವ್ವ."

"ರಾಗಿ?"

ಸ್ವಲ್ಪ ತಡೆದು, ಮೆತ್ತಗೆ, "ರಾಗಿನೂ ಹೆಚ್ಚೈತೆ."

ನರ್ಸಿನ ಬೆರಳು ಟ್ಯಾಬಿನ ಮೇಲೆ ಟಕ್ ಅಂದಿತು. ನನ್ನ ಮುಚ್ಚಿದ ಕಣ್ಣಿನೊಳಗೆ ನಮ್ಮ ಹಳೆಯ ಮನೆಯ ಅಡುಗೆಕೋಣೆ ಬಂತು. ಅಮ್ಮ ಕುಂಕುಮದ ಭರಣಿಯನ್ನು ಬೋರಲು ಹಾಕಿ ತಟ್ಟುತ್ತಿದ್ದಾಳೆ, ಒಂದು ಚಿಟಿಕೆಯೂ ಬೀಳುತ್ತಿಲ್ಲ. "ಕುಂಕುಮ ಹೆಚ್ಚಿದೆ ಕಣೇ, ಪೇಟೆಗೆ ಹೋದ್ರೆ ತಗೊಂಬಾ" ಅನ್ನುತ್ತಿದ್ದಾಳೆ. ಅಮ್ಮ ಕುಂಕುಮಕ್ಕೆ, ಅಕ್ಕಿಗೆ, ಬಳೆಗೆ ಯಾವತ್ತೂ "ಇಲ್ಲ" ಅಂದವಳಲ್ಲ, "ಮುಗೀತು" ಅಂದವಳಲ್ಲ. ಲಕ್ಷ್ಮಿ ಓಡಾಡುವ ಕಡೆ ಇಲ್ಲ ಅನ್ನಬಾರದು. ತೀರಿದರೆ ಹೆಚ್ಚಿತು ಅನ್ನಬೇಕು.

ಕಣ್ಣು ಬಿಟ್ಟೆ. ಮೇಜಿನ ಮುಂದೆ ಆ ಹೆಂಗಸು ಇರಲಿಲ್ಲ, ಒಳಗೆ ಹೋಗಿದ್ದಳು.

ನರ್ಸಿನ ಭುಜ ಹಿಡಿದು ಕೇಳಿದೆ. "ಅವರು ಹೆಚ್ಚೈತೆ ಅಂದ್ರೆ ನೀನು ಏನು ಒತ್ತಿದೆ?"

"ಹೆಚ್ಚಿದೆ ಅಂತ. ಅವ್ರೇ ಹೇಳಿದ್ರಲ್ಲ ಮೇಡಂ. ಹೋದ ಸಲಾನೂ ಹಂಗೇ ಅಂದಿದ್ರು."

ಅವಳು ತುಮಕೂರು ಸಿಟಿಯಲ್ಲಿ ಹುಟ್ಟಿ ಬೆಳೆದವಳು. ಅವಳ ಮನೆಯಲ್ಲಿ ದಿನಸಿ ಖಾಲಿಯಾಗುವ ಮೊದಲೇ ಫೋನಿನಲ್ಲಿ ಹೇಳಿ ತರಿಸುತ್ತಾರೆ. ನಾನು ವಿಷಯ ಹೇಳಿದಾಗ ಅವಳ ಮುಖ ಸಣ್ಣದಾಯಿತು. "ಅಂದ್ರೆ ಖಾಲಿ ಅಂತಾನಾ?" ಅವಳನ್ನು ಅಂದು ಪ್ರಯೋಜನವಿರಲಿಲ್ಲ. ಆ ಮಾತನ್ನು ಉತ್ತರದ ಸಾಲಿನಲ್ಲಿ ಮೊದಲಿಗೆ ಇಟ್ಟವರು ನಾವು.

ಡಾಕ್ಟರ ಕೋಣೆಗೆ ನುಗ್ಗಿದೆ. ಅವರು ಇನ್ಸುಲಿನ್ ಬರೆದು, ಹೊಟ್ಟೆಯ ಮೇಲೆ ಹೇಗೆ ಚುಚ್ಚಿಕೊಳ್ಳಬೇಕು ಅಂತ ತೋರಿಸುತ್ತಿದ್ದರು. ಹೆಂಗಸು ಸೆರಗು ಬಾಯಿಗೆ ಇಟ್ಟುಕೊಂಡು ಶ್ರದ್ಧೆಯಿಂದ ನೋಡುತ್ತಿದ್ದಳು. ಡಾಕ್ಟರನ್ನು ಹೊರಗೆ ಕರೆದು ಹೇಳಿದೆ. ಉಣ್ಣದೆ ಮಲಗುವವರಿಗೆ ರಾತ್ರಿ ಇನ್ಸುಲಿನ್ ಕೊಟ್ಟರೆ ಬೆಳಿಗ್ಗೆ ಏಳದೇ ಹೋಗಬಹುದು. ಅದನ್ನು ಅವರಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ.

"ಪ್ರಶ್ನೆ ನಿಮ್ದೇ, ಉತ್ತರಾನೂ ನಿಮ್ದೇ, ಈಗ ತಪ್ಪು ಅಂತೀರಾ?" ಅಂತ ಸಿಡುಕಿದರು. ಆದರೂ ಒಳಗೆ ಹೋಗಿ ನೇರವಾಗಿ ಕೇಳಿದರು. ಬಾಗಿಲು ತೆರೆದೇ ಇತ್ತು, ಹೊರಗೆ ಸಾಲು. "ಏನಮ್ಮಾ, ಮನೇಲಿ ಊಟಕ್ಕೆ ತೊಂದ್ರೆ ಇದೆಯಾ?"

"ಏನೂ ತೊಂದ್ರೆ ಇಲ್ಲ ಸಾರ್. ದೇವ್ರು ಚೆನ್ನಾಗಿಟ್ಟವ್ನೆ."

ಡಾಕ್ಟರು ನನ್ನ ಕಡೆ ನೋಡಿದರು. ಊರಿನವರ ಮುಂದೆ ಯಾವ ಹೆಂಗಸು ತನ್ನ ಮನೆಯ ಒಲೆಯ ವಿಷಯ ಹೇಳುತ್ತಾಳೆ? ಆದರೆ ಅದನ್ನು ಸಾಬೀತು ಮಾಡುವುದು ಹೇಗೆ? ಒಂದು ವಾರ ಕಾಯುತ್ತೇನೆ, ಅಷ್ಟರಲ್ಲಿ ತಿಳಿದುಕೊಂಡು ಬನ್ನಿ ಅಂದರು. ಇನ್ಸುಲಿನ್ ಪೆಟ್ಟಿಗೆಗೆ ವಾಪಸ್ ಹೋಯಿತು.

ಜೀಪಿನಲ್ಲಿ ವಾಪಸ್ ಹೋಗಬೇಕಾದವಳು ಆ ಹೆಂಗಸಿನ ಹಿಂದೆಯೇ ಅಮೃತೂರಿನ ಪ್ರೈವೇಟ್ ಬಸ್ಸು ಹತ್ತಿ ಪಕ್ಕದಲ್ಲಿ ಕೂತೆ. ಟ್ಯಾಬು ತರಲಿಲ್ಲ. ಏನು ಕೇಳಬೇಕೆಂದೂ ಗೊತ್ತಿರಲಿಲ್ಲ. ಅವಳು ಒಂದು ಸಲ ನಕ್ಕು, "ನಮ್ಮೂರಿಗಾ ಮೇಡಂ?" ಅಂದಳು. ಹೂಂ ಅಂದೆ. ಅಷ್ಟೇ. ಬಸ್ಸಿನಲ್ಲಿ ಯಾವುದೋ ಹಳೆಯ ಹಾಡು ಬರುತ್ತಿತ್ತು. ತೆಂಗಿನ ತೋಟಗಳು ಎರಡೂ ಕಡೆ ನಿಧಾನವಾಗಿ ತಿರುಗುತ್ತಿದ್ದವು, ನಿಂತಿರುವುದು ನಾವೇ, ಹೋಗುತ್ತಿರುವುದು ಅವೇ ಎನ್ನುವ ಹಾಗೆ. ಅವಳ ಸೀರೆಯ ಊದುಬತ್ತಿ ವಾಸನೆಗೆ ನನಗೆ ಮತ್ತೆ ಜೋಂಪು ಹತ್ತಿತು. ತಲೆ ಅವಳ ಭುಜದ ಮೇಲೆ ಬಿದ್ದಿರಬೇಕು. ಎಚ್ಚರವಾದಾಗ ಅವಳು ಅಲುಗಾಡದೆ ಕೂತಿದ್ದಳು, ಭುಜ ನೋಯುತ್ತಿದ್ದರೂ.

"ನಿದ್ದೆ ಮಾಡಿ ಬುಡಿ. ಊರು ಬಂದಾಗ ಎಬ್ಬಿಸ್ತೀನಿ" ಅಂದಳು.

ನನಗೆ ಅಳು ಬಂತು. ಅಳಲಿಲ್ಲ, ಕಿಟಕಿ ಕಡೆ ತಿರುಗಿದೆ.

ಅವಳ ಮನೆ ಒಂದು ಕೋಣೆ, ಒಂದು ನಡುಮನೆ. ನಡುಮನೆಯ ತುಂಬ ಹೊಸೆದ ಕಡ್ಡಿಗಳು ಒಣಗಲು ಹರಡಿದ್ದವು, ಕಾಲಿಡಲು ಜಾಗವಿಲ್ಲ. ಮಣೆಯ ಮುಂದೆ ಕೂತು ಅವಳು ಕೈ ಆಡಿಸತೊಡಗಿದಳು. ಕಪ್ಪು ಹಿಟ್ಟು, ಬಿದಿರು ಕಡ್ಡಿ, ಅಂಗೈಯ ಒಂದು ಎಳೆತ. ನಾನೂ ಒಂದು ಹೊಸೆಯಲು ಹೋಗಿ ಕೆಡಿಸಿದೆ. ಅವಳಿಗೆ ನಗು. ಗಂಡ ಅಂತರಸನಹಳ್ಳಿಯ ವರ್ಕ್‌ಶಾಪಿನಲ್ಲಿದ್ದಾನೆ, ಈಚೆಗೆ ಶಿಫ್ಟು ಕಮ್ಮಿ ಮಾಡಿದ್ದಾರೆ. ರೇಷನ್ ಕಾರ್ಡು ಭಾವನ ಮನೆಯ ಜೊತೆಗೇ ಇದೆ, ಬೇರೆ ಮಾಡಿಸಿಲ್ಲ. ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಕಾಲೇಜು. ಇದನ್ನೆಲ್ಲ ನಾನು ಕೇಳದೆಯೇ ಹೇಳಿದಳು. ಕೈಗೆ ಕೆಲಸವಿದ್ದಾಗ ಬಾಯಿ ತಾನೇ ಬಿಚ್ಚಿಕೊಳ್ಳುತ್ತದೆ.

ಊಟದ ಮಾತು ಎತ್ತಲಿಲ್ಲ. ಮಾತ್ರೆಯ ಮಾತು ಎತ್ತಿದೆ. "ರಾತ್ರಿ ಮಾತ್ರೆ ಹೆಂಗೆ ತಗೋತೀರಿ ಅಕ್ಕಾ?"

"ಒಂದಿನಾನೂ ತಪ್ಸಿಲ್ಲ. ನೀರು ಕುಡ್ಕೊಂಡು ತಗೊಂಡು ಮಲಗ್ಬುಡ್ತೀನಿ."

"ನೀರಷ್ಟೇನಾ?"

ಅವಳ ಕೈ ನಿಲ್ಲಲಿಲ್ಲ. "ತಿಂಗ್ಳ ಮೊದ್ಲಲ್ಲಿ ಉಣ್ತೀನಿ. ಕೊನೇಲಿ ಬುಟ್ಬುಡ್ತೀನಿ. ಡಾಕ್ಟ್ರೇ ಅಂದ್ರಲ್ಲ ಮೇಡಂ, ರಾತ್ರಿ ಊಟ ಕಮ್ಮಿ ಮಾಡು, ನಿಮ್ಮನೇಲಿ ಬೇಜಾನ್ ಐತೆ ಅಂತ. ಅವ್ರು ಹಂಗಂದಿದ್ದು ಒಳ್ಳೇದೇ ಆಯ್ತು. ಮೊದ್ಲೆಲ್ಲ ಮಕ್ಳು, ಅಮ್ಮಾ ನೀನ್ಯಾಕೆ ಉಣ್ಣಲ್ಲ, ನೀನು ಉಂಡ್ರೇನೇ ನಾವು ಉಣ್ಣೋದು ಅಂತ ಹಠ ಮಾಡೋವು. ಈಗ ಡಾಕ್ಟ್ರು ಬ್ಯಾಡ ಅಂದವ್ರೆ ಅಂದ್ರೆ ಸುಮ್ನಾಗ್ತವೆ. ಒಂದು ನೆಪ ಆಯ್ತು ನಂಗೂ."

ನಾನು ಕೆಡಿಸಿದ ಕಡ್ಡಿಯನ್ನೇ ನೋಡುತ್ತ ಕೂತಿದ್ದೆ. ನಮ್ಮ ಡಾಕ್ಟರು ಪರದೆಯ ಮೇಲೆ "ಹೆಚ್ಚಿದೆ" ಎಂದು ಕಂಡು, ಒಳ್ಳೆಯ ಮನಸ್ಸಿನಿಂದಲೇ, ಉಪವಾಸ ಇರುವವಳಿಗೆ ಊಟ ಕಮ್ಮಿ ಮಾಡು ಅಂದಿದ್ದರು. ಅವಳು ಆ ಮಾತನ್ನು ಮಕ್ಕಳ ಹಠಕ್ಕೆ ಅಡ್ಡ ಹಿಡಿದಿದ್ದಳು. ಬೆಳಿಗ್ಗೆ ಸಕ್ಕರೆ ಇಳಿದು ಕಣ್ಣು ಕತ್ತಲೆ ಬಂದಾಗ, ಕಾಯಿಲೆಯೇ ಹಾಗೆ ಅಂದುಕೊಂಡು ಗೋಡೆ ಹಿಡಿದು ನಿಲ್ಲುತ್ತಿದ್ದಳಂತೆ.

"ಇದನ್ನ ಡಾಕ್ಟ್ರಿಗೆ ಹೇಳ್ಬೇಕು ಅಕ್ಕಾ. ಉಣ್ಣದ ದಿನ ಮಾತ್ರೆ ತಗೋಬೇಡಿ, ಜೀವಕ್ಕೆ ಅಪಾಯ" ಅಂದೆ.

"ಡಾಕ್ಟ್ರಿಗೆ ಹೇಳಿ. ಮಕ್ಳಿಗೆ ಹೇಳ್ಬ್ಯಾಡಿ" ಅಂದಳು.

ಮಾರನೆಯ ದಿನ ತುಮಕೂರಿನಲ್ಲಿ ಮುಖ್ಯಸ್ಥರ ಮುಂದೆ ಕೂತು, ಇಷ್ಟು ದಿನ ಸೇರಿಸಿದ ಊಟದ ಉತ್ತರಗಳನ್ನೆಲ್ಲ ಎಸೆಯಬೇಕು ಅಂದೆ. ಅವರಿಗೆ ಕೈಗೆ ಬಂದ ತುತ್ತು ಬಾಯಿಗೆ ಬರದಂತಾಯಿತು. ವರದಿ ಆಗಲೇ ತಯಾರಾಗಿತ್ತು. "ಹೆಚ್ಚಿದೆ ಅಂದವರದ್ದನ್ನ ಇಲ್ಲ ಅಂತ ತಿದ್ದಿಬಿಡಿ, ಮುಗೀತು" ಅಂದರು. ಆಗುವುದಿಲ್ಲ ಸಾರ್, ನಿಜವಾಗಿ ಹೆಚ್ಚಿಗೆ ಇರುವವರೂ ಅದರಲ್ಲಿದ್ದಾರೆ, ಈಗ ಯಾರು ಯಾರು ಅಂತ ದೇವರಿಗೇ ಗೊತ್ತು ಅಂದೆ. ಅವರು ಪೆನ್ನು ಕೆಳಗಿಟ್ಟು ಗಾದೆ ಹೇಳಿದರು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು. ಇಲ್ಲ ಅನ್ನೋಕೇನು ದಾಡಿ ಈ ಜನಕ್ಕೆ?"

ನನಗೆ ಕೋಪ ನೆತ್ತಿಗೇರಿತು. "ನಿಮ್ಮಮ್ಮ ಅಕ್ಕಿ ಡಬ್ಬ ಖಾಲಿ ಆದ್ರೆ ಏನಂತಿದ್ರು ಸಾರ್?" ಅಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಎಸೀರಿ" ಅಂದರು. ದವಸ ನಮ್ಮವರಿಗೇ ಬೇಕು ಎಂದು ಮಠದವರಿಗೆ ಫೋನು ಮಾಡಿದವರೂ ಅವರೇ.

ಈ ಸಲ ಆಫೀಸಿನಲ್ಲಿ ಕೂತು ಬರೆಯಲಿಲ್ಲ. ನರ್ಸನ್ನೂ ಕರೆದುಕೊಂಡು ಗುಬ್ಬಿಯ ಜಗಲಿಯಲ್ಲಿ, ಕುಣಿಗಲ್ಲಿನ ಬೆಂಚಿನಲ್ಲಿ ಸುಮ್ಮನೆ ಕೂತು ಕೇಳಿಸಿಕೊಂಡೆವು. ಜನ ತಮ್ಮ ಬಗ್ಗೆ ಹೇಳುವುದಿಲ್ಲ, ಮಾತ್ರೆಯ ಬಗ್ಗೆ ಮಾತ್ರ ಎಷ್ಟು ಬೇಕಾದರೂ ಹೇಳುತ್ತಾರೆ. ಹಾಗಾಗಿ ಪ್ರಶ್ನೆಯನ್ನು ಸಾಲಿನ ಮುಂದಿನ ಮೇಜಿನಿಂದ ತೆಗೆದು ಒಳಗಿನ ಔಷಧಿ ಕೌಂಟರಿಗೆ ಒಯ್ದೆವು. ಅಲ್ಲಿ ಒಬ್ಬರಿಗೆ ಮಾತ್ರ ಜಾಗ, ಪಕ್ಕದವರಿಗೆ ಕೇಳಿಸುವುದಿಲ್ಲ. ಇದೆಯೇ, ಇಲ್ಲವೇ, ಎಷ್ಟಿದೆ ಅನ್ನುವುದು ಯಾವುದೂ ಬೇಡ. ಮಾತ್ರೆ ಎಣಿಸಿ ಕೊಡುತ್ತ ಕೇಳುವುದು ಇಷ್ಟೇ: "ನಿನ್ನೆ ರಾತ್ರಿ ಈ ಮಾತ್ರೆ ಏನು ಉಂಡು ತಗೊಂಡ್ರಿ?" ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುವುದು. ಮುದ್ದೆ ಅಂದರೆ ಮುದ್ದೆ, ಕಾಫಿ ಬನ್ನು ಅಂದರೆ ಕಾಫಿ ಬನ್ನು. ಅರ್ಥ ಮಾಡುವ ಕೆಲಸ ಟ್ಯಾಬಿನದಲ್ಲ, ನಮ್ಮದು. ನರ್ಸ್ ಮೊದಮೊದಲು ತಡವರಿಸಿದಳು. ಆಮೇಲೆ ಅವಳ ದನಿ ಮನೆಯವಳ ದನಿಯ ಹಾಗೆ ಆಯಿತು.

ಆ ವಾರ ಕಳೆದು ಅಮೃತೂರಿನ ಹೆಂಗಸು ಬಂದಳು. ಜೊತೆಗೆ ದೊಡ್ಡ ಮಗಳು, ಕಾಲೇಜಿನ ಬ್ಯಾಗು ಹೆಗಲಲ್ಲೇ ಇತ್ತು. ಅಮ್ಮನಿಗೆ ತಲೆ ಸುತ್ತುತ್ತದೆ ಅಂತ ಅವಳೇ ಹಠ ಮಾಡಿ ಬಂದಿದ್ದಳಂತೆ. ತಾಯಿ ನನ್ನ ಕಡೆ ಒಂದು ಸಲ ನೋಡಿದಳು. ಆ ನೋಟದ ಅರ್ಥ ನನಗೆ ಗೊತ್ತಿತ್ತು. ಆದರೆ ನಾನು ವಿಷಯ ಹೇಳಿದಾಗಿನಿಂದ ಡಾಕ್ಟರು, ಊಟ ಕಮ್ಮಿ ಮಾಡು ಅಂದಿದ್ದ ತಮ್ಮದೇ ಮಾತನ್ನು ಇಡೀ ವಾರ ಹೊತ್ತುಕೊಂಡು ಓಡಾಡಿದ್ದರು. ಜೀಪಿನಲ್ಲಿ ಕುಂಭಕರ್ಣನ ತಂಗಿಯ ತಂಟೆಗೂ ಬಂದಿರಲಿಲ್ಲ. ಬಾಗಿಲು ಮುಚ್ಚಿಸಿ, ಇಬ್ಬರನ್ನೂ ಕೂರಿಸಿದರು. ಹುಡುಗಿಯ ಕಡೆಗೇ ತಿರುಗಿದರು.

"ನೋಡಮ್ಮ, ರಾತ್ರಿ ಊಟ ಬೇಡ ಅಂತ ನಾನು ಹೇಳಿದೀನಿ ಅಂತ ನಿಮ್ಮಮ್ಮ ನಿಮ್ಗೆ ಹೇಳಿರ್ಬೇಕು. ನಾನು ಹೇಳಿದ್ದು ತಪ್ಪು. ಅವರು ರಾತ್ರಿ ಊಟ ಮಾಡ್ಲೇಬೇಕು. ಮಾತ್ರೆನೂ ಕಡಿಮೆ ಮಾಡಿದೀನಿ. ಮೊದ್ಲು ಊಟ, ಆಮೇಲೆ ಮಾತ್ರೆ. ನೀನು ನೋಡ್ಕೋಬೇಕು."

ತಾಯಿ ತಲೆ ತಗ್ಗಿಸಿದಳು. ಹುಡುಗಿ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ನಮ್ಗೆ ಗೊತ್ತಿತ್ತು ಸಾರ್" ಅಂದಳು. "ನೀವು ಹಂಗೆ ಹೇಳಿರಲ್ಲ ಅಂತ. ನಂಬಿದ ಹಾಗೆ ಇದ್ವಿ. ಇಲ್ದಿದ್ರೆ ಅಮ್ಮ ಇನ್ನೊಂದು ಸುಳ್ಳು ಹುಡುಕ್ಬೇಕಾಗಿತ್ತಲ್ಲ."

ತಾಯಿ ಮಗಳ ಕಡೆ ತಿರುಗಿ ನೋಡುತ್ತಲೇ ಇದ್ದಳು, ಬಹಳ ದಿನದ ಮೇಲೆ ಊರಿಂದ ಬಂದವಳನ್ನು ನೋಡುವ ಹಾಗೆ. ಆಮೇಲೆ ಎದ್ದಳು. ಮಗಳು ಅಮ್ಮನ ಕೈ ಹಿಡಿದುಕೊಂಡಳು, ಅವಳ ಬೆರಳಿಗೂ ಕಪ್ಪು ಮೆತ್ತಿತು.

ಇಬ್ಬರೂ ಔಷಧಿ ಕೌಂಟರಿಗೆ ಬಂದರು. ನರ್ಸ್ ಮಾತ್ರೆ ಎಣಿಸಿ ಪೊಟ್ಟಣ ಕಟ್ಟುತ್ತ, ಯಾರ ಮುಖವನ್ನೂ ನೋಡದೆ ಕೇಳಿದಳು. "ನಿನ್ನೆ ರಾತ್ರಿ ಈ ಮಾತ್ರೆ ಏನು ಉಂಡು ತಗೊಂಡ್ರಿ ಅಕ್ಕಾ?"

ಹೆಂಗಸು ಮಗಳ ಕೈ ಬಿಡಲಿಲ್ಲ.

"ನಿನ್ನೆ ಒಲೆ ಹಚ್ಲಿಲ್ಲ ಕಣವ್ವ" ಅಂದಳು. "ಏನೂ ಇರ್ಲಿಲ್ಲ."